ಗ್ರೀಕ್ ಕಲಿಯೋಕೆ ಬನ್ನಿ ಅಂತಾರಲ್ಲ

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಈಗೀಗ ಒಂದು ತಮಾಷೆಯ ಕೆಲಸ ಮಾಡ್ತಿವೆ. ನೂರಾರು ವರ್ಷ ಯಾವ ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೆ ಕೂತಿದ್ದವೋ, ಅದೇ ಬಾಗಿಲಿಗೆ ಬಂದು ನಿಂತು ‘ಬನ್ನಿ, ಒಳಗೆ ಬನ್ನಿ’ ಅಂತ ದಾರಿಹೋಕರನ್ನು ಕರೀತಿವೆ. ಆ ಬಾಗಿಲು ಯಾವುದು ಅಂದ್ರೆ ಗ್ರೀಕ್ ಮತ್ತು ಲ್ಯಾಟಿನ್. ಆಕ್ಸ್‌ಫರ್ಡ್‌ಗೆ ಸೇರಬೇಕು ಅಂದ್ರೆ 1920ರವರೆಗೆ ಗ್ರೀಕ್ ಬರಬೇಕಿತ್ತು, 1960ರವರೆಗೆ ಲ್ಯಾಟಿನ್ ಬರಬೇಕಿತ್ತು. ಈಗ ಅದೇ ಆಕ್ಸ್‌ಫರ್ಡ್, ಎರಡರಲ್ಲೂ ಒಂದಕ್ಷರ ಗೊತ್ತಿಲ್ಲದ ಹುಡುಗರನ್ನು ಕ್ಲಾಸಿಕ್ಸ್ ಪದವಿಗೆ ಸೇರಿಸಿಕೊಂಡು ಓಂ ನಾಮದಿಂದ ಶುರು ಮಾಡಿ ಕಲಿಸುತ್ತೆ. ಸರ್ಕಾರಿ ಶಾಲೆ ಮಕ್ಕಳಿಗೆ ಶನಿವಾರ ಲ್ಯಾಟಿನ್ ತರಗತಿ ನಡೆಸುತ್ತೆ. ಕೇಂಬ್ರಿಜ್‌ನಲ್ಲಿ ಲ್ಯಾಟಿನ್ ಬರದವರಿಗೆ ಅಂತಲೇ ಒಂದು ವರ್ಷ ಹೆಚ್ಚಿಗೆ ಸೇರಿಸಿದ ಕೋರ್ಸ್ ಇದೆ. ಅಲ್ಲಿನ ಪ್ರೊಫೆಸರ್ ಮೇರಿ ಬಿಯರ್ಡ್ ನಿವೃತ್ತಿಯ ಹೊತ್ತಿಗೆ 80,000 ಪೌಂಡ್ ಕೊಟ್ಟು, ಇಂಥ ಓದಿಗೆ ಸಾಮಾನ್ಯವಾಗಿ ಬಾರದ ಹಿನ್ನೆಲೆಯ ಇಬ್ಬರು ವಿದ್ಯಾರ್ಥಿಗಳ ಓದಿಗೆ ವ್ಯವಸ್ಥೆ ಮಾಡಿದರು.

ಈ ಕರೆಯೋ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ರೆಡಿಂಗ್‌ನಲ್ಲಿ. (ಓದೋ ರೀಡಿಂಗ್ ಥರಾನೇ ಬರೀತಾರೆ, ಹೇಳೋದು ಮಾತ್ರ ರೆಡಿಂಗ್. ಹೋದ ಮೊದಲ ವಾರ ಪ್ರತಿಯೊಬ್ಬ ದೇಸಿಯೂ ತಪ್ಪು ಹೇಳೇ ಹೇಳ್ತಾನೆ.) ಆನ್‌ಸೈಟ್ ಅಂತ ಹೋಗಿ ಎರಡು ವರ್ಷ ಅಲ್ಲಿದ್ದೆ. ಅಲ್ಲಿನ ವಿಶ್ವವಿದ್ಯಾಲಯದ ಕ್ಲಾಸಿಕ್ಸ್ ವಿಭಾಗದ ಒಳಗೇ ಯೂರ್ ಮ್ಯೂಸಿಯಂ ಅನ್ನೋ ಪುಟ್ಟ ಸಂಗ್ರಹಾಲಯ ಇದೆ. ಗ್ರೀಕರ ಮಡಕೆ, ಕುಡಿಕೆ, ಹೂಜಿಗಳು ತುಂಬಿವೆ. ಟಿಕೆಟ್ ಇಲ್ಲ. ಪುಕ್ಕಟೆ ಅಂದ ಮೇಲೆ ಹೋಗದೇ ಇರೋಕಾಗುತ್ತಾ? ಶಾಲೆ ಮಕ್ಕಳ ಒಂದು ಗುಂಪು ಬಂದಿತ್ತು. ಒಬ್ಬ ವಿದ್ಯಾರ್ಥಿನಿ ಮೇಜು ಹಾಕಿಕೊಂಡು ಬಂದವರ ಹೆಸರನ್ನೆಲ್ಲ ಗ್ರೀಕ್ ಅಕ್ಷರದಲ್ಲಿ ಬರೆದುಕೊಡ್ತಿದ್ದಳು. ಮಕ್ಕಳ ಹಿಂದೆ ನಾನೂ ಸಾಲಲ್ಲಿ ನಿಂತೆ.

ಮಂಜುನಾಥ ಅನ್ನೋ ಹೆಸರು ಅವಳಿಗೆ ಕಷ್ಟ ಕೊಡ್ತು. ಗ್ರೀಕಿನಲ್ಲಿ ‘ಜ’ ಇಲ್ಲ, ಏನೋ ಹೊಂದಿಸಿದಳು. ಆದರೆ ಕೊನೆಯ ‘ಥ’ಕ್ಕೆ ಥೀಟಾ ಬರೆದಳಲ್ಲ, ಅದು ಸರಿಯಾಗಿ ಕೂತಿತು. ಎಷ್ಟು ಸರಿ ಅಂತ ಅವಳಿಗೂ ಗೊತ್ತಿತ್ತೋ ಇಲ್ಲವೋ. ಇಂಗ್ಲಿಷಿನವರು ಥೀಟಾವನ್ನು ‘ಥ್ಯಾಂಕ್ಸ್’ನ ಹಾಗೆ ನಾಲಿಗೆ ಹೊರಗಿಟ್ಟು ಹೇಳ್ತಾರೆ. ಪ್ಲೇಟೋ ಕಾಲದ ಅಥೆನ್ಸಿನಲ್ಲಿ ಅದು ನಮ್ಮ ಮಹಾಪ್ರಾಣ ‘ಥ’. ಫೈ ಅಂದ್ರೆ ‘ಫ್ಯಾನ್’ನ ಎಫ್ ಅಲ್ಲ, ‘ಫಲ’ದ ಫ. ಖೀ ಅಂದ್ರೆ ಖ. ಇಂಗ್ಲಿಷ್ ಮಕ್ಕಳು ಇದನ್ನು ಬಾಯಿ ಮುಂದೆ ಕಾಗದ ಹಿಡಿದು, ಉಸಿರಿಗೆ ಅದು ಅಲುಗುತ್ತಾ ಅಂತ ನೋಡಿ ಕಲಿಯಬೇಕು. ನಮಗೆ ಒಂದನೇ ಕ್ಲಾಸಿನ ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದಾರೆ. (ಹಾಗಂತ ನಮ್ಮೂರಲ್ಲಿ ಯಾರೂ ನನ್ನನ್ನು ‘ಥ’ ಸೇರಿಸಿ ಕರೆದಿಲ್ಲ. ‘ಏ ಮಂಜ್ನಾತ’ ಅಂತಲೇ. ನಮ್ಮ ಕಡೆ ಮಹಾಪ್ರಾಣ ಉಳಿದಿರೋದು ರೇಷನ್ ಕಾರ್ಡಿನಲ್ಲಿ ಮಾತ್ರ.)

ಅದಕ್ಕಿಂತ ಖುಷಿ ಕೊಟ್ಟಿದ್ದು ಸ್ವರಗಳು. ಗ್ರೀಕಿನಲ್ಲಿ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ, ಒಂದೊಂದಕ್ಕೂ ಪ್ರತ್ಯೇಕ ಅಕ್ಷರ. ಸಂಸ್ಕೃತದಲ್ಲಿ ಈ ಭೇದ ಇಲ್ಲ, ಹಿಂದಿ ವರ್ಣಮಾಲೆಯಲ್ಲೂ ಇಲ್ಲ. ಕನ್ನಡದಲ್ಲಿ ಇದೆ. ಕೆರೆ-ಕೇರಿ, ಕೊಡು-ಕೋಡು ಅಂತ ದಿನಾ ಮಾತಾಡೋರಿಗೆ ಎಪ್ಸಿಲಾನ್ ಯಾವುದು ಈಟಾ ಯಾವುದು ಅಂತ ಹೇಳಿಕೊಡಬೇಕಿಲ್ಲ. ವಿಭಕ್ತಿಯೂ ಅಷ್ಟೇ. ನಾಮಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತೆ ಅನ್ನೋದನ್ನು ಇಂಗ್ಲಿಷ್ ಮಕ್ಕಳು ತಲೆಗೆ ಹೊಗಿಸಿಕೊಳ್ಳೋಕೆ ಒಂದು ಟರ್ಮ್ ಬೇಕಂತೆ. ಮರವು, ಮರವನ್ನು, ಮರದಿಂದ, ಮರಕ್ಕೆ ಅಂತ ರಾಗವಾಗಿ ಒಪ್ಪಿಸಿದವರಿಗೆ ಅದೇನು ದೊಡ್ಡ ವಿಷಯ? ಲ್ಯಾಟಿನ್ನಿನಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತೆ ಅಂತ ಕೇಳಿದಾಗ ನಮ್ಮೂರಿನವರೇ ಯಾರೋ ಸಿಕ್ಕ ಹಾಗಾಯ್ತು.

ಸೋಮವಾರ ಆಫೀಸಿನಲ್ಲಿ ಇದನ್ನು ಹೇಳಿದೆ. ನನ್ನ ಪಕ್ಕದ ಸೀಟಿನ ಇಂಗ್ಲಿಷ್ ಸಹೋದ್ಯೋಗಿ, ಕಾರ್ಖಾನೆ ಕೆಲಸಗಾರರ ಮಗ, ಸರ್ಕಾರಿ ಶಾಲೆಯಲ್ಲಿ ಓದಿದವನು, ನಕ್ಕುಬಿಟ್ಟ. ಅದೆಲ್ಲ ದೊಡ್ಡೋರ ಮನೆ ಮಕ್ಕಳ ಓದು, ನಮ್ಮ ಶಾಲೆಯಲ್ಲಿ ಇರಲೇ ಇಲ್ಲ ಅಂದ. ಅವನ ಮಾತು ಲೆಕ್ಕದಲ್ಲೂ ನಿಜ. 2021ರಲ್ಲಿ ಬ್ರಿಟಿಷ್ ಸರ್ಕಾರವೇ ಕೊಟ್ಟ ಅಂಕಿ ಪ್ರಕಾರ, 11ರಿಂದ 14 ವಯಸ್ಸಿನ ತರಗತಿಗಳಲ್ಲಿ ಲ್ಯಾಟಿನ್ ಕಲಿಸೋ ಸರ್ಕಾರಿ ಶಾಲೆಗಳು ಶೇ. 2.7, ಖಾಸಗಿ ಶಾಲೆಗಳು ಶೇ. 49. ಆ ವರ್ಷ 40 ಲಕ್ಷ ಪೌಂಡ್ ಇಟ್ಟು 40 ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಶುರು ಮಾಡ್ತೀವಿ ಅಂತ ಘೋಷಿಸಿದರು. ಸರ್ಕಾರ ಬದಲಾಯ್ತು, 2025ರ ಫೆಬ್ರವರಿಯಲ್ಲಿ, ಶಾಲಾ ವರ್ಷದ ಮಧ್ಯದಲ್ಲೇ, ದುಡ್ಡು ನಿಂತಿತು. ಬೈಸಿಕಲ್ ಕೊಟ್ಟು ಅರ್ಧ ದಾರಿಯಲ್ಲಿ ಚಕ್ರ ಬಿಚ್ಚಿಕೊಂಡ ಹಾಗೆ. ಅಲ್ಲಿ ಉಳಿದಿರೋದು ವಿಶ್ವವಿದ್ಯಾಲಯಗಳು ಮತ್ತು ಒಂದಷ್ಟು ದತ್ತಿ ಸಂಸ್ಥೆಗಳ ಸ್ವಂತ ಪ್ರಯತ್ನ.

ಈ ಪ್ರಯತ್ನದಲ್ಲಿ ಸ್ವಾರ್ಥ ಇಲ್ಲವೇ? ಇದೆ. ಮಕ್ಕಳು ಬರದಿದ್ದರೆ ವಿಭಾಗ ಮುಚ್ಚುತ್ತೆ. 2025ರ ಜನವರಿಯಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯ ಪ್ರಾಚೀನ ಇತಿಹಾಸವನ್ನೇ ಕೈಬಿಡೋ ಪ್ರಸ್ತಾವ ಇಟ್ಟಿತ್ತು. ವರ್ಷಕ್ಕೆ ಒಂಬತ್ತು ಸಾವಿರ ಪೌಂಡಿಗೂ ಮೇಲೆ ಫೀಸು, ಅದೂ ಸಾಲ ಮಾಡಿ ಕಟ್ಟೋ ಹುಡುಗ ‘ಇದರಿಂದ ಏನು ಸಿಗುತ್ತೆ’ ಅಂತ ಕೇಳೋದು ತಪ್ಪಲ್ಲ. ನಾನು ಬಿಇಗೆ ಸೇರಿದ್ದೂ ಅದೇ ಪ್ರಶ್ನೆ ಕೇಳಿಕೊಂಡು, ಕನ್ನಡ ಎಂಎ ಮಾಡಬೇಕು ಅನ್ನೋ ಆಸೆಯನ್ನು ಮಡಚಿಟ್ಟು.

ನನಗೆ ಸಿಟ್ಟು ಬರೋದು ಆ ಪ್ರಶ್ನೆಗೆ ಕೊಡೋ ಉತ್ತರ ಕೇಳಿದಾಗ. ಲ್ಯಾಟಿನ್ ಕಲಿತರೆ ಇಂಗ್ಲಿಷ್ ಪದಸಂಪತ್ತು ಹೆಚ್ಚುತ್ತೆ, ತರ್ಕ ಚುರುಕಾಗುತ್ತೆ, ಕೋಡಿಂಗ್ ಕೂಡ ಸುಲಭ ಆಗುತ್ತೆ ಅಂತ ಹೇಳ್ತಾರೆ. ಹತ್ತು ವರ್ಷದ ಮೇಲೆ ಕೋಡ್ ಬರೆದವನಾಗಿ ಹೇಳ್ತೀನಿ, ಕೋಡಿಂಗ್ ಕಲಿಯೋಕೆ ಕೋಡಿಂಗ್ ಮಾಡಿದರೆ ಸಾಕು. ಊಟ ರುಚಿಯಾಗಿದೆ ಅನ್ನೋದು ಬಿಟ್ಟು ಅದರಲ್ಲಿ ಕ್ಯಾಲ್ಸಿಯಂ ಇದೆ ಅಂತ ಬಡಿಸೋರನ್ನು ಕಂಡರೆ ಹಸಿವೇ ಹೋಗುತ್ತೆ. ನನ್ನನ್ನು ಒಳಗೆ ಎಳೆದಿದ್ದು ಒಂದು ಹೆಂಚು. ರೆಡಿಂಗ್ ಪಕ್ಕದಲ್ಲೇ ಸಿಲ್‌ಚೆಸ್ಟರ್ ಅಂತ ಹಾಳುಬಿದ್ದ ರೋಮನ್ ಪಟ್ಟಣ ಇದೆ. ಅಲ್ಲಿ ಸಿಕ್ಕ ಒಂದು ಹೆಂಚಿನ ಮೇಲೆ, ಸುಡೋಕೆ ಮೊದಲು ಹಸಿ ಮಣ್ಣಿದ್ದಾಗ, ಯಾರೋ ನಾಲ್ಕಾರು ಹೆಸರು ಗೀಚಿ, ಕೊನೆಗೆ ವರ್ಜಿಲ್ ಕವಿಯ ಮಹಾಕಾವ್ಯದ ಎರಡನೇ ಕಾಂಡದ ಮೊದಲ ಎರಡು ಪದ ಬರೆದಿದ್ದಾರೆ. ಕೈಬರಹ ಕಲೀತಿದ್ದರೋ, ಕಲಿತಿದ್ದೀನಿ ಅಂತ ತೋರಿಸ್ತಿದ್ದರೋ. ರೋಮಿನಿಂದ ಅಷ್ಟು ದೂರದ ಚಳಿ ಊರಲ್ಲಿ ಒಂದು ಹೆಂಚಿನ ಮೇಲೆ ಕಾವ್ಯ. ನಮ್ಮೂರ ಈಶ್ವರ ದೇವಸ್ಥಾನದ ಜಗಲಿಯಲ್ಲಿ ಎಮ್ಮೆ ಕಾಯೋ ಅಜ್ಜ ಜೈಮಿನಿ ಭಾರತದ ಪದ್ಯ ಹೇಳ್ತಿದ್ದಿದ್ದು ನೆನಪಾಯ್ತು. ಇದನ್ನು ತೋರಿಸಿ ಕರೀರಿ ಸ್ವಾಮಿ, ಬರ್ತೀವಿ.

ಹಾಗೆ ಕರೆದಾಗ ನಮ್ಮಂಥವರು ಹೋಗೋದು ಅಷ್ಟು ಸಲೀಸೂ ಅಲ್ಲ. ಗ್ರೀಕ್-ಲ್ಯಾಟಿನ್ ನಮಗೆ ಸಂಬಂಧವಿಲ್ಲದ ಭಾಷೆಗಳೇನಲ್ಲ, ನಮ್ಮ ತಲೆ ಮೇಲೆ ಕೂತಿದ್ದ ಭಾಷೆಗಳು. 1835ರ ಟಿಪ್ಪಣಿಯಲ್ಲಿ ಮೆಕಾಲೆ, ಹಿಂದೆ ಇಂಗ್ಲಿಷರನ್ನು ಗ್ರೀಕ್-ಲ್ಯಾಟಿನ್ ಎತ್ತಿದ ಹಾಗೆ ಭಾರತೀಯರನ್ನು ಇಂಗ್ಲಿಷ್ ಎತ್ತುತ್ತೆ ಅಂತ ವಾದಿಸಿದ. ಅದೇ ಮೆಕಾಲೆ 1854ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಅಂಕಪಟ್ಟಿ ಹಾಕಿಕೊಟ್ಟ ಸಮಿತಿಯ ಮುಖ್ಯಸ್ಥ. ಗ್ರೀಕಿಗೆ 750, ಲ್ಯಾಟಿನ್ನಿಗೆ 750, ಸಂಸ್ಕೃತಕ್ಕೆ 375, ಅರಬ್ಬಿಗೆ 375. ಕನ್ನಡದ ಸುದ್ದಿಯೇ ಇಲ್ಲ. ಧಾರವಾಡಕ್ಕೋ ಬೆಳಗಾವಿಗೋ ಬಂದು ರೈತರ ಅಹವಾಲು ಕೇಳಬೇಕಾದ ಅಧಿಕಾರಿಯನ್ನು ಆರಿಸೋದು ಹೀಗೆ. ಆಕ್ಸ್‌ಫರ್ಡಿನ ಹುಡುಗನಿಗೆ ಆ 1500 ಅಂಕ ಮನೆ ಹಿತ್ತಲಲ್ಲೇ ಬೆಳೆದ ಸೊಪ್ಪು. ಲಂಡನ್ನಿಗೆ ಹಡಗಲ್ಲಿ ಹೋಗಿ ಪರೀಕ್ಷೆ ಬರೀಬೇಕಿದ್ದ ಭಾರತದ ಹುಡುಗನಿಗೆ ಅದು ಗೋಡೆ. ಇಂಗ್ಲಿಷ್ ಅನ್ನೋ ಗೋಡೆ ನಾನೂ ಹತ್ತಿದವನೇ. ಕನ್ನಡ ಮಾಧ್ಯಮದಿಂದ ಬಂದು ಬಿಇ ಮೊದಲ ಸೆಮಿಸ್ಟರಿನಲ್ಲಿ ಕೂತವರಿಗೆ ಆ ಗೋಡೆಯ ಎತ್ತರ ಎಷ್ಟು ಅಂತ ವಿವರಿಸಬೇಕಾಗಿಲ್ಲ. ಗೋಡೆ ಕಟ್ಟಿದವರೇ ಈಗ ಏಣಿ ಹಿಡಿದು ನಿಂತರೆ ಮೊದಲು ಅನುಮಾನ ಬರೋದು ಸಹಜ.

ಆದರೂ ಹತ್ತಿದೆ. ವಾರಕ್ಕೊಂದು ಸಂಜೆಯ ತರಗತಿಗೆ ಸೇರಿಕೊಂಡೆ. ನಿವೃತ್ತ ನರ್ಸ್ ಒಬ್ಬರು, ಒಬ್ಬ ಬಸ್ ಡ್ರೈವರ್, ಒಂದಿಬ್ಬರು ಚರ್ಚಿನವರು, ನಾನು. ಪುಸ್ತಕ ‘ರೀಡಿಂಗ್ ಗ್ರೀಕ್’. ಇದು ಊರಲ್ಲ, ಓದೋ ರೀಡಿಂಗೇ. ಅದರ ಮೊದಲ ಕತೆಯಲ್ಲೇ ಇಬ್ಬರು ಖದೀಮರು ತಾವೇ ಹೊರಟ ಹಡಗಿಗೆ ಒಳಗಿಂದ ತೂತು ಕೊರೆದು ಮುಳುಗಿಸೋಕೆ ನೋಡ್ತಾರೆ. ಇನ್ಶೂರೆನ್ಸ್ ಡೊಮೇನಿನಲ್ಲಿ ಕೆಲಸ ಮಾಡೋ ನನಗೆ ಇದಕ್ಕಿಂತ ಒಳ್ಳೆ ಪ್ರವೇಶ ಸಿಕ್ಕೀತೆ? ಅಮ್ಮನಿಗೆ ಫೋನಲ್ಲಿ ಹೇಳಿದರೆ, ‘ಅದ್ ಓದಿದ್ರೆ ಸಂಬ್ಳ ಜಾಸ್ತಿ ಮಾಡ್ತಾರೇನಪ್ಪಾ?’ ಅಂದರು. ಇಲ್ಲಮ್ಮ ಅಂದೆ. ‘ಮತ್ಯಾಕೆ?’ ಅಂದರು. ‘ನೀನು ಎಳ್ನೀರ್ ಕುಡ್ದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಿಪಿ ತೋರಿಸ್ಕೊಂಡ್ ಬಂದೆ ಅಂದ್ಯಲ್ಲ, ಅದ್ರಲ್ಲಿ ಕೇಂದ್ರ ಅನ್ನೋದು ಗ್ರೀಕ್ ಪದ ಕಣಮ್ಮ’ ಅಂದೆ. ಜ್ಯೋತಿಷಿಗಳ ಜೊತೆ ಸಂಸ್ಕೃತಕ್ಕೆ ಬಂದು, ಅಲ್ಲಿಂದ ನಮ್ಮ ಪಂಚಾಯ್ತಿ ಬೋರ್ಡಿನ ತನಕ ನಡೆದುಕೊಂಡು ಬಂದ ಪದ. ಅಮ್ಮ ಬಿಪಿ ನಂಬರ್ ಹೇಳೋಕೆ ಶುರು ಮಾಡಿದರು.

ನಮ್ಮಲ್ಲಿ ಹಳೇ ಭಾಷೆಗೆ ಕರೆಯೋರು ಇಲ್ಲ ಅಂತಲ್ಲ. ಕನ್ನಡ ಸಾಹಿತ್ಯ ಪರಿಷತ್ತು ಕಾವ, ಜಾಣ, ರತ್ನ ಪರೀಕ್ಷೆ ನಡೆಸುತ್ತೆ, ಯಾರು ಬೇಕಾದರೂ ಕಟ್ಟಬಹುದು. 2008ರಲ್ಲಿ ಶಾಸ್ತ್ರೀಯ ಸ್ಥಾನ ಸಿಕ್ಕಾಗ ಕುಣಿದ ನಮ್ಮಲ್ಲಿ ಎಷ್ಟು ಜನ ಪಂಪನ ಒಂದು ಪದ್ಯವನ್ನು ಬಿಡಿಸಿ ಓದಬಲ್ಲೆವು? ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತಗೊಳ್ಳೋ ಮಕ್ಕಳಿಗೆ ಕಣ್ಣಿರೋದು 125ಕ್ಕೆ 125ರ ಮೇಲೆ. ಉತ್ತರವನ್ನು ಕನ್ನಡದಲ್ಲೇ ಬರೀಬಹುದು. ಅಲ್ಲಿಗೆ ಭಾಷೆಗೂ ನಷ್ಟ ಇಲ್ಲ, ಲಾಭವೂ ಇಲ್ಲ. ಒಂದು ಶನಿವಾರ ಯಾವುದಾದರೂ ವಿಶ್ವವಿದ್ಯಾಲಯದ ಕನ್ನಡ ವಿಭಾಗ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಮೇಜು ಹಾಕಿಕೊಂಡು, ಬಂದವರ ಹೆಸರನ್ನು ಹಲ್ಮಿಡಿ ಶಾಸನದ ಲಿಪಿಯಲ್ಲಿ ಬರೆದುಕೊಟ್ಟರೆ ಸಾಲು ನಿಲ್ಲಲ್ವಾ? ಖಂಡಿತ ನಿಲ್ಲುತ್ತೆ. ಮೊದಲು ಸೆಲ್ಫಿಗೆ ನಿಲ್ಲುತ್ತೆ, ಪರವಾಗಿಲ್ಲ, ನಾನೂ ಪುಕ್ಕಟೆ ಅಂತಲೇ ಹೋದವನು.

ಎರಡೂ ಕಡೆ ಗೊತ್ತಿರೋರು ನಿಜವಾಗಿ ಬೇಕಾಗಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್ ಹಾಳೆ, ಸಂಖ್ಯೆ 413, 1903ರಲ್ಲಿ ಅಚ್ಚಾಯ್ತು. ಎರಡನೇ ಶತಮಾನದ ಗ್ರೀಕ್ ಪ್ರಹಸನ. ಖಾರಿಟಿಯಾನ್ ಅನ್ನೋ ಗ್ರೀಕ್ ಹುಡುಗಿ ಭಾರತದ ತೀರದಲ್ಲಿ ಸೆರೆ ಸಿಕ್ಕಿದ್ದಾಳೆ. ಅವಳ ಕಡೆಯವರು ಬಂದು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸಿ ಅವಳನ್ನು ಬಿಡಿಸಿಕೊಂಡು ಹೋಗ್ತಾರೆ. ರಾಜ ಮತ್ತವನ ಜನ ಆಡೋ ಮಾತು ಗ್ರೀಕ್ ಅಕ್ಷರದಲ್ಲಿದೆ, ಆದರೆ ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಇದು ಕನ್ನಡ ಅಂದರು. ಗೋವಿಂದ ಪೈಗಳು ಇದರ ಹಿಂದೆ ಬಿದ್ದರು. 1926ರಲ್ಲಿ ಬಾರ್ನೆಟ್ ಅನ್ನೋ ವಿದ್ವಾಂಸರು ಇಲ್ಲ, ಇದು ಕನ್ನಡ ಅಲ್ಲ ಅಂತ ಬರೆದರು. ಆಮೇಲೆ ತುಳು ಅಂದವರಿದ್ದಾರೆ, ನಗಿಸೋಕೆ ಸುಮ್ಮನೆ ಬರೆದ ಬಡಬಡಿಕೆ ಅಂದವರೂ ಇದ್ದಾರೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ರಾತ್ರಿ ಆ ಪಠ್ಯವನ್ನು ತೆರೆದು ಕೂತೆ. ನಿಘಂಟು ಒಂದು ಕಡೆ, ಪೆನ್ಸಿಲ್ ಒಂದು ಕಡೆ. ಹಡಗು ಮುಳುಗಿಸೋರ ಕತೆ ಓದಿ ಬಂದವನು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಹುಲ್ಟ್ಸ್ ‘ಕೊಂಚ’ ಅಂತ ಗುರುತಿಸಿದ ಪದ ಬಂತು. ಗ್ರೀಕಿನಲ್ಲಿ ‘ಚ’ ಇಲ್ಲ, ಅಲ್ಲಿ ಜೀಟಾ ಇದೆ. ರೆಡಿಂಗಿನ ಹುಡುಗಿ ನನ್ನ ‘ಜ’ಕ್ಕೆ ಹೊಂದಿಸಿದ್ದೂ ಜೀಟಾವನ್ನೇ. ಆ ಪದ ‘ಕೊಂಚ’ವೇ ಹೌದಾ, ಅಥವಾ ನನ್ನ ಕಿವಿಗೆ ಹಾಗೆ ಕೇಳಬೇಕು ಅಂತ ಇದೆಯಾ? ಮಾರನೇ ದಿನ ಒಂಬತ್ತಕ್ಕೆ ಸ್ಟ್ಯಾಂಡಪ್ ಇತ್ತು. ಎರಡು ಗಂಟೆಯವರೆಗೂ ಕೂತಿದ್ದೆ.