ಬಿಡದಿಯೋ, ಮೈಸೂರೋ?

ಪರೀಕ್ಷೆ ಮುಗಿದರೆ ಶ್ರೀಗಂಧದ ಕಾವಲಿನ ಮನೆಗಳಲ್ಲಿ ಒಂದೇ ಚರ್ಚೆ: ಬಿಡದಿಯ ವಂಡರ್‌ಲಾವೋ, ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕೋ?

2005ರಲ್ಲಿ ತೆರೆದ ವಂಡರ್‌ಲಾ ಹತ್ತಿರ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರಾಯಿತು; ಬೆಳಿಗ್ಗೆ ಹೊರಟವರು ರಾತ್ರಿಯೂಟಕ್ಕೆ ಮನೆಯಲ್ಲಿ. ಆದರೆ ಹೊರಡುವ ಮುನ್ನ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದು ಜಾಣತನ. ಎದೆ ನಡುಗಿಸುವ ಆಟಗಳಿಗೆ ಅಲ್ಲಿ 140 ಸೆಂಟಿಮೀಟರ್ ಬೇಕು. ಹತ್ತನೇ ತರಗತಿಯ ಅಕ್ಕ 'ರಿಕಾಯಿಲ್'ನಲ್ಲಿ ತಲೆಕೆಳಗಾಗಿ ಕಿರುಚುವಾಗ ಮೂರನೇ ತರಗತಿಯ ತಮ್ಮ ಚೀಲ ಕಾಯುತ್ತ ನಿಲ್ಲಬೇಕು. ಟಿಕೆಟ್ ದುಡ್ಡು ಮಾತ್ರ ಅವನಿಗೂ ತೆರಲೇಬೇಕು!

ಮೈಸೂರಿಗೆ ಹೋದರೆ ಒಂದು ರಾತ್ರಿಯ ವಸತಿ ಖರ್ಚು ಹೆಚ್ಚು. ಆದರೆ ಹಗಲು ನೀರಾಟ ಮುಗಿಸಿ, ಅದೇ ಕೆ.ಆರ್.ಎಸ್. ರಸ್ತೆಯಲ್ಲಿ ಮುಂದುವರಿದರೆ ಬೃಂದಾವನದ ಕಾರಂಜಿ, ಅಜ್ಜಿಗೂ ಖುಷಿ. ತಮ್ಮ ಇನ್ನೂ ಕುಳ್ಳನಿದ್ದರೆ ಈ ವರ್ಷ ಮೈಸೂರೇ ಸರಿ. ಬಿಡದಿ ಎಲ್ಲಿಗೂ ಓಡಿಹೋಗದು.