ಕಾವಲೂರಿನಲ್ಲಿ ಮಂಕಾದ ನಕ್ಷತ್ರ

ಪ್ರಕಾಶಮಾನ ನಕ್ಷತ್ರಕ್ಕೆ ಕ್ಷುದ್ರಗ್ರಹ ಅಡ್ಡ ಬರುವುದನ್ನು ನೋಡಲೇಬೇಕೆಂದು ನಮ್ಮ ಶಾಲೆಯ ಮಕ್ಕಳ ಹಟ. ಅದಕ್ಕೂ ಮುನ್ನ ಅವರನ್ನು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರಿಗೆ ಕರೆದೊಯ್ದೆ. ವಾಣಿಯಂಬಾಡಿ ದಾಟಿ ಬಸ್ಸು ಬೆಟ್ಟ ಹತ್ತುವಾಗ ಒಬ್ಬಳು ಕೇಳಿದಳು: “ನಮ್ಮೂರಿಂದ್ಲೇ ಕಾಣಲ್ವಾ ಸಾರ್?”

ಬಹುಮಟ್ಟಿಗೆ ಕಾಣದು. 60 ಕಿ.ಮೀ. ಅಗಲದ ಕ್ಷುದ್ರಗ್ರಹದ ನೆರಳು ಭೂಮಿಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಗಲದ ಪಟ್ಟಿಯಾಗಿ ಹಾದುಹೋಗುತ್ತದೆ. ಆ ಪಟ್ಟಿಯೊಳಗೆ ನಾವೇ ಹೋಗಿ ಕೂರಬೇಕು. ಸಿಗುವುದು ಕೆಲವೇ ಸೆಕೆಂಡು. ಮೋಡ ಕವಿದರೆ ಅದೂ ಇಲ್ಲ.

102 ಸೆಂ.ಮೀ. ದೂರದರ್ಶಕದ ಗುಮ್ಮಟ ಕಂಡಾಗ 1977ರ ಮಾರ್ಚ್ 10ರ ಕಥೆ ಹೇಳಿದೆ. ಅಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಇಲ್ಲಿ ಜೆ.ಸಿ. ಭಟ್ಟಾಚಾರ್ಯ, ಕೆ. ಕುಪ್ಪುಸ್ವಾಮಿ ಕಾದು ಕುಳಿತಿದ್ದರು. ಲೆಕ್ಕ ಹಾಕಿದ್ದ ಹೊತ್ತಿಗೆ ಮುಂಚೆಯೇ ನಕ್ಷತ್ರ ಮಂಕಾಗಿ ಮತ್ತೆ ಬೆಳಗಿತು. ಹೊಸ ಉಪಗ್ರಹವಿರಬೇಕೆಂದು ಅವರು ಭಾವಿಸಿದರು. ಬೇರೆಡೆಯ ದಾಖಲೆಗಳ ಜೊತೆ ಹೋಲಿಸಿದಾಗ ಅದು ಯುರೇನಸ್ಸಿನ ಉಂಗುರ!

ಆದ್ದರಿಂದ ಮಕ್ಕಳೇ, ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ವಿಡಿಯೊ ಶುರುಮಾಡಿ, ಐದು ನಿಮಿಷ ಬಿಟ್ಟು ನಿಲ್ಲಿಸಿ. ನಿಂತ ಜಾಗದ ಅಕ್ಷಾಂಶ, ರೇಖಾಂಶ ಗುರುತು ಹಾಕಿಕೊಳ್ಳಿ. ನಕ್ಷತ್ರ ಮರೆಯಾಗದಿದ್ದರೆ ಅದನ್ನೂ ಬರೆದಿಡಿ. ಕ್ಷುದ್ರಗ್ರಹದ ಅಂಚು ಎಲ್ಲಿಗೆ ಮುಗಿಯಿತೆಂದು ತಿಳಿಯಲು ಅದೂ ಬೇಕು. ರಾತ್ರಿ ಪ್ರಯಾಣವಾದ್ದರಿಂದ ತಂದೆತಾಯಿಯರೂ ಜೊತೆಗೆ ಬಂದರೆ ನನಗೂ ಧೈರ್ಯ. ಸ್ವೆಟರ್ ಮರೆಯಬೇಡಿ.