ಚಿನ್ನಿಯ ಪಿಗ್ಮಿ ಖಾತೆ

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳಾಯಿತು. ಮಾರ್ಚ್ ಕ್ಲೋಸಿಂಗ್ ಎಂಬ ನೆಪ ಇನ್ನು ನಡೆಯುವುದಿಲ್ಲ, ಡೊಂಬಿವಲಿಗೆ ಮಳೆ ಬಂತು. ನಿಜವಾದ ಕಾರಣ ನಮ್ಮ ಚಿನ್ನಿ.

ಚಿನ್ನಿ ಡ್ಯಾಕ್ಸ್‌ಹುಂಡ್ ಜಾತಿಯ ನಾಯಿ. ಆರು ವರ್ಷ, ಉದ್ದ ಮೈ, ಗೇಣು ಕಾಲು. ಮಗಳು ನೌಕರಿಗೆಂದು ಪುಣೆಗೆ ಹೋಗುವಾಗ ನಮ್ಮಿಬ್ಬರ ಕೈಗೆ ಕೊಟ್ಟುಹೋದಳು. ಫೆಬ್ರವರಿಯ ಒಂದು ರಾತ್ರಿ ಸೋಫಾದಿಂದ ಹಾರಿ ಕಿರುಚಿತು. ಬೆಳಿಗ್ಗೆ ನೋಡಿದರೆ ಹಿಂಗಾಲು ಎರಡೂ ಇಲ್ಲ. ಸೊಂಟದ ಕೆಳಗಿನ ಭಾಗವನ್ನು ಒದ್ದೆ ಗೋಣಿಚೀಲದ ಹಾಗೆ ಎಳೆದುಕೊಂಡು ಬರುತ್ತಿದೆ.

ಈ ಜಾತಿಯ ಕಾಲನ್ನು ಗಿಡ್ಡ ಮಾಡಿದ ಗುಣವೇ ಬೆನ್ನುಮೂಳೆಗಳ ನಡುವಿನ ಡಿಸ್ಕನ್ನೂ ಎಳವೆಯಲ್ಲೇ ಗಟ್ಟಿ ಮಾಡುತ್ತದಂತೆ. ಅದು ಒಡೆದು ಮೇಲಿನ ನರದ ಹುರಿಯನ್ನು ಒತ್ತಿತ್ತು. ಡಾಕ್ಟರು ಇಕ್ಕಳದಿಂದ ಕಾಲ್ಬೆರಳನ್ನು ಬಲವಾಗಿ ಹಿಚುಕಿದರು. ಕಾಲು ಹಿಂದಕ್ಕೆ ಸರಿಯಿತು. "ಗೊತ್ತಾಗ್ತಿದೆ!" ಎಂದೆ ನಾನು. "ಅದು ಬರೀ ರಿಫ್ಲೆಕ್ಸ್, ತಲೆ ತಿರುಗಿಸಿ ನೋಡಬೇಕು" ಎಂದರು. ಇನ್ನೊಮ್ಮೆ ಹಿಚುಕಿದಾಗ ಚಿನ್ನಿ ತಿರುಗಿ ಅವರ ಕೈಗೆ ಬಾಯಿ ಹಾಕಿತು. ಸಾಕಿದ ನಾಯಿ ಡಾಕ್ಟರನ್ನು ಕಚ್ಚಲು ಹೋದದ್ದಕ್ಕೆ ಗಂಡ ಹೆಂಡತಿ ಕಣ್ಣೊರೆಸಿಕೊಂಡೆವು.

ಆಪರೇಷನ್ ಆಯಿತು. ಖರ್ಚು ಎಷ್ಟೆಂದು ಬರೆಯುವುದಿಲ್ಲ, ಊರಿನಲ್ಲಿ ಅಣ್ಣ ಇದನ್ನು ಓದುತ್ತಾನೆ.

ಆಮೇಲಿನದು ಫಿಜಿಯೋಥೆರಪಿ. ಪಕ್ಕದ ಮನೆಯವರು "ಕುತ್ರ್ಯಾಲಾ?" ಎಂದು ನಕ್ಕರು. ದಿನಕ್ಕೆ ಮೂರು ಸಲ ಚಿನ್ನಿಯನ್ನು ಮಗ್ಗುಲಿಗೆ ಮಲಗಿಸಿ, ಒಂದೊಂದೇ ಕಾಲು ಹಿಡಿದು ಸೈಕಲ್ ತುಳಿಸಿದ ಹಾಗೆ ಮಡಚಿ ಬಿಡಿಸಬೇಕು. ಹೀಗೆ ಮಾಡದಿದ್ದರೆ ಸ್ನಾಯು ಕರಗಿ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ನರ ಚೇತರಿಸಿಕೊಂಡರೂ ಕಾಲು ಬಗ್ಗುವುದಿಲ್ಲ. ಬೆರಳ ಸಂದಿಯಲ್ಲಿ ಕಚಗುಳಿ ಇಡಬೇಕು. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿ, ಮಗುಚಿಕೊಳ್ಳುವ ಪಾದವನ್ನು ಸರಿಯಾಗಿ ನೆಲಕ್ಕಿಟ್ಟು ನಿಲ್ಲಿಸಬೇಕು. ಮೂತ್ರಕ್ಕೂ ಹೊಟ್ಟೆ ಒತ್ತಬೇಕು, ಇಲ್ಲವಾದರೆ ಸೋಂಕು. ಹೊಲಿಗೆ ಬಿಚ್ಚಿದ ಮೇಲೆ ಪ್ರತಿ ಭಾನುವಾರ ಗಾಜಿನ ತೊಟ್ಟಿಯೊಳಗಿನ ಟ್ರೆಡ್‌ಮಿಲ್. ಬೆಚ್ಚನೆಯ ನೀರು ಮೈಭಾರ ಹೊರುತ್ತದೆ, ಕೆಳಗೆ ಪಟ್ಟಿ ಮೆಲ್ಲಗೆ ಸರಿಯುತ್ತದೆ, ಥೆರಪಿಸ್ಟ್ ಹುಡುಗಿ ಹಿಂದೆ ನಿಂತು ಕಾಲು ಇಡಿಸುತ್ತಾಳೆ. ಮೊದಲ ಭಾನುವಾರ ಚಿನ್ನಿ ತಾನಾಗಿ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಮೂರು ವಾರ ಏನೂ ಕಾಣಲಿಲ್ಲ. "ಫಲಿತಾಂಶ ಯಾವಾಗ?" ಎಂದು ಕೇಳಿದೆ, ಸಾಲದ ಫೈಲಿನ ಗಿರಾಕಿಯ ಹಾಗೆ. "ದಿನಾ ಮಾಡಿ ಅಂಕಲ್" ಎಂದಳು ಹುಡುಗಿ.

ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕೇ? 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುಮಾಡಿದ್ದು ಇದೇ ಲೆಕ್ಕದ ಮೇಲೆ. ನನ್ನ ಬಿಕಾಂ ಫೀಸು ಅಮ್ಮ ಕಟ್ಟಿದ ಪಿಗ್ಮಿಯಿಂದಲೇ ಬಂದದ್ದು. ಸಂಜೆ ಏಜೆಂಟರು ಬಂದರೆ ಸಾಸಿವೆ ಡಬ್ಬಿಯಿಂದ ಒಂದು ರೂಪಾಯಿ ತೆಗೆದುಕೊಡುತ್ತಿದ್ದಳು.

ಅದೇ ಅಮ್ಮನಿಗೆ 2009ರಲ್ಲಿ ಲಕ್ವ ಹೊಡೆಯಿತು. ಎಡಗೈ ಬೆರಳುಗಳನ್ನು ದಿನಾ ಬಿಡಿಸಿ ಆಡಿಸಬೇಕು ಎಂದಿದ್ದರು. ನಾನು ಎರಡು ದಿನ ಆಡಿಸಿ, ರಜೆ ಮುಗಿದು ಮುಂಬಯಿ ಬಸ್ಸು ಹತ್ತಿದೆ. ತಿಂಗಳು ತಿಂಗಳೂ ಹಣ ಕಳಿಸಿದೆ, ಒಮ್ಮೆಯೂ ತಪ್ಪಿಸಲಿಲ್ಲ. ಅಂಗಡಿ, ತೋಟ ಎರಡನ್ನೂ ನೋಡಿಕೊಂಡ ಅಣ್ಣ ಅತ್ತಿಗೆಯರನ್ನು ನಾನು ದೂರುವಂತಿಲ್ಲ. ಬೆರಳು ಮಡಚಿದ್ದು ಮಡಚಿಯೇ ಹೋಯಿತು. 2011ರಲ್ಲಿ ಆಕೆಯನ್ನು ಚಟ್ಟದ ಮೇಲೆ ಮಲಗಿಸುವಾಗಲೂ ಆ ಮುಷ್ಟಿ ಬಿಡಿಸಲಾಗಲಿಲ್ಲ.

ಏಪ್ರಿಲ್‌ನಲ್ಲಿ ಚಿನ್ನಿ ಟವೆಲ್ ಇಲ್ಲದೆ ನಿಂತಿತು. ನಾಲ್ಕು ಹೆಜ್ಜೆ, ಧಪ್. ಮರುದಿನ ಐದು.

ಮೇ ತಿಂಗಳಲ್ಲಿ ಮದುವೆಗೆಂದು ಅಣ್ಣ ಬಂದಿದ್ದ. ಬೆಳಿಗ್ಗೆ ಐದೂವರೆಗೆ ನಾನು ನೆಲದ ಮೇಲೆ ಕೂತು ಚಿನ್ನಿಯ ಕಾಲು ಆಡಿಸುವುದನ್ನು ಚಹಾ ಕುಡಿಯುತ್ತಾ ನೋಡಿದ. "ಎಷ್ಟು ಸಲ?" ಎಂದ. "ಹದಿನೈದು" ಎಂದೆ. ಇಬ್ಬರೂ ಬೇರೇನೂ ಮಾತಾಡಲಿಲ್ಲ. ಲೋಟ ಕೆಳಗಿಟ್ಟು, ಪಂಚೆ ಮಡಚಿಕೊಂಡು ಕೂತು, ಇನ್ನೊಂದು ಕಾಲು ಹಿಡಿದ.

ಈಗ ಚಿನ್ನಿ ಓಲಾಡುತ್ತಾ ನಡೆಯುತ್ತದೆ. ಬಲಪಾದ ಇನ್ನೂ ಒಮ್ಮೊಮ್ಮೆ ಮಗುಚುತ್ತದೆ, ಟೈಲ್ಸ್ ಮೇಲೆ ಉಗುರು ಗೀರುವ ಸದ್ದು ಕೇಳುತ್ತದೆ. ಜಾರದಿರಲೆಂದು ಅಡುಗೆಮನೆಯಿಂದ ಬಾಲ್ಕನಿಯವರೆಗೆ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಸೋಫಾವನ್ನು ಮಾರಿಬಿಟ್ಟೆವು. ನಮ್ಮ ಮನೆಗೆ ಬಂದರೆ ಚಾಪೆಯ ಮೇಲೆ ಕೂರಬೇಕು, ಬೇಜಾರು ಮಾಡಿಕೊಳ್ಳಬೇಡಿ.